ಕಾರು ಕೈ ಬದಲಾಯಿಸಿತು, ಕಾಗದ ಬರಲಿಲ್ಲ

ಅಮೆರಿಕದಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆಲ್ಲ ಮೇಲ್ ಬಾಕ್ಸಿನ ಕಷ್ಟ ಗೊತ್ತಿರುವುದೇ. ಕ್ರೆಡಿಟ್ ಕಾರ್ಡ್ ಕೊಡುತ್ತೇವೆ ಎನ್ನುವವರು, ಛಾವಣಿ ರಿಪೇರಿ ಮಾಡುತ್ತೇವೆ ಎನ್ನುವವರು, ಪೀಟ್ಜಾ ಕೂಪನ್ನಿನವರು, ನಿಮ್ಮ ಕಾರಿನ ವಾರಂಟಿ ಮುಗಿಯುತ್ತಿದೆ ಎಂದು ಹೆದರಿಸುವವರು, ಹೀಗೆ ಹತ್ತು ಕಾಗದ ಬಂದರೆ ಒಂಬತ್ತು ನೇರವಾಗಿ ರೀಸೈಕ್ಲಿಂಗ್ ಡಬ್ಬಕ್ಕೆ ಹೋಗುತ್ತವೆ. ಆ ಒಂಬತ್ತರ ಜೊತೆ ಹತ್ತನೆಯದೂ ಕೆಲವು ಸಲ ಅಲ್ಲಿಗೇ ಸೇರುತ್ತದೆ. ಆ ಹತ್ತನೆಯ ಕಾಗದ ನಿಮ್ಮ ಕಾರಿನ ಕಂಪನಿಯಿಂದ ಬಂದ ಸೇಫ್ಟಿ ರಿಕಾಲ್ ನೋಟೀಸ್ ಆಗಿದ್ದರೆ? ಅದನ್ನು ಎಸೆಯುವುದೂ ಒಂದೇ, ರಕ್ತಪರೀಕ್ಷೆಯ ರಿಪೋರ್ಟನ್ನು ಒಡೆಯದೆ ಎಸೆಯುವುದೂ ಒಂದೇ.

ಡಾಕ್ಟರಿಗೂ ಕಾರಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂಜಿನ್ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೆ. ಆದರೆ ರಿಕಾಲ್ ಎನ್ನುವುದು ಮೂಲತಃ ರೋಗ ಪತ್ತೆಯ ಕೆಲಸ. ಎಲ್ಲೋ ಒಬ್ಬರಿಗೆ, ಇನ್ನೆಲ್ಲೋ ಒಬ್ಬರಿಗೆ ಒಂದೇ ತರಹದ ಗಾಯ ಆಗುತ್ತದೆ. ಯಾರೋ ಒಬ್ಬರು ಕೂತು ಲೆಕ್ಕ ಹಾಕಿ ಎಲ್ಲದಕ್ಕೂ ಮೂಲ ಒಂದೇ ಎನ್ನುತ್ತಾರೆ. ಮೂಲ ಸಿಕ್ಕ ಮೇಲೆ ಅಪಾಯದಲ್ಲಿರುವ ಪ್ರತಿಯೊಬ್ಬರನ್ನೂ ಹುಡುಕಿ ಹೇಳಬೇಕಾಗುತ್ತದೆ. ಮೊದಲ ಎರಡು ಕೆಲಸಗಳನ್ನು ಸರಕಾರ, ಕಂಪನಿ, ಪತ್ರಕರ್ತರು ಮಾಡುತ್ತಾರೆ. ಮೂರನೆಯದು ಮಾತ್ರ ನಮ್ಮ ನಿಮ್ಮ ಮನೆ ಬಾಗಿಲಿಗೆ ಬಂದು ನಿಂತುಬಿಡುತ್ತದೆ. ಅದರಲ್ಲೂ ಊರಿಂದೂರಿಗೆ ಮನೆ ಬದಲಿಸುವ, ಕಾರನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ನಮ್ಮಂಥವರ ವಿಷಯದಲ್ಲಿ ಅದು ತಪ್ಪಿಹೋಗುವುದು ಬಹಳ ಸುಲಭ.

ರಿಕಾಲ್ ಎಂದರೇನು?

ರಿಕಾಲ್ ಎಂದರೆ ಕಂಪನಿ ನಿಮ್ಮ ಕಾರನ್ನು ವಾಪಸು ತೆಗೆದುಕೊಂಡು ದುಡ್ಡು ಕೊಡುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಸುರಕ್ಷತೆಗೆ ಧಕ್ಕೆ ತರುವ ದೋಷ ಕಂಡುಬಂದಾಗ ಕಂಪನಿ ಮಾಲೀಕರಿಗೆ ಕಾಗದ ಬರೆದು, ಡೀಲರ್ ಮೂಲಕ ಆ ಭಾಗವನ್ನು ಸರಿಪಡಿಸಿಕೊಡುತ್ತದೆ.

ಇದರ ಹಿಂದೆ ದೊಡ್ಡ ಹೋರಾಟವಿದೆ. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲರು 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಎಂಬ ಪುಸ್ತಕ ಬರೆದು, ಅಪಘಾತವಾದಾಗ ಡ್ರೈವರನ್ನು ಮಾತ್ರ ದೂರಿ ಕಾರು ಮಾಡಿದವರನ್ನು ಬಿಟ್ಟುಬಿಡುವ ಪದ್ಧತಿಯನ್ನು ಪ್ರಶ್ನಿಸಿದರು. ಮರುವರ್ಷ, 1966ರ ಸೆಪ್ಟೆಂಬರಿನಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾಯ್ದೆಯ ಪ್ರಕಾರ ದೋಷವನ್ನು ಮಾಲೀಕರಿಗೆ ತಿಳಿಸುವುದು ಕಂಪನಿಗಳಿಗೆ ಕಡ್ಡಾಯವಾಯಿತು. ಬಿಟ್ಟಿಯಾಗಿ ಸರಿಪಡಿಸಿಕೊಡಬೇಕು ಎಂಬ ನಿಯಮ 1974ರ ತಿದ್ದುಪಡಿಯಿಂದ ಬಂತು. ಇದನ್ನೆಲ್ಲ ನೋಡಿಕೊಳ್ಳುವ ಸರಕಾರಿ ಸಂಸ್ಥೆ ನ್ಯಾಷನಲ್ ಹೈವೇ ಟ್ರಾಫಿಕ್ ಸೇಫ್ಟಿ ಅಡ್ಮಿನಿಸ್ಟ್ರೇಷನ್. ಬಾಯಿಮಾತಿನಲ್ಲಿ ಎಲ್ಲರೂ 'ನಿಟ್ಸಾ' ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಇಪ್ಪತ್ತೊಂದು ಟೈರುಗಳು

ಎಸ್‌ಯುವಿ ಎಂಬ ಮೂರಕ್ಷರ ನಮ್ಮ ಮನೆಗಳಿಗೆ ಬಂದದ್ದು 1990ರ ದಶಕದಲ್ಲಿ. ಮಕ್ಕಳ ಸಾಕರ್ ಸಾಮಾನು, ಊರಿಂದ ಬಂದ ಅಪ್ಪ ಅಮ್ಮ, ಅವರ ನಾಲ್ಕು ಸೂಟ್‌ಕೇಸು, ನಯಾಗರಾ ಟ್ರಿಪ್ಪಿಗೆ ಕಟ್ಟಿಕೊಂಡ ಪುಳಿಯೋಗರೆ ಡಬ್ಬ, ಎಲ್ಲವೂ ಹಿಡಿಸುವ ಗಾಡಿ. ಆ ದಶಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಎಸ್‌ಯುವಿ ಫೋರ್ಡ್ ಎಕ್ಸ್‌ಪ್ಲೋರರ್. ಅದರಲ್ಲಿ ಬಹಳಷ್ಟಕ್ಕೆ ಫೈರ್‌ಸ್ಟೋನ್ ಕಂಪನಿಯ ಟೈರು.

1998ರಲ್ಲಿ ಸ್ಟೇಟ್ ಫಾರ್ಮ್ ಎಂಬ ವಿಮಾ ಕಂಪನಿಯ ಸಂಶೋಧಕರೊಬ್ಬರು ಕ್ಲೇಮುಗಳ ಕಡತ ನೋಡುತ್ತಿದ್ದಾಗ ಒಂದು ವಿಚಿತ್ರವನ್ನು ಗಮನಿಸಿದರು. ಫೈರ್‌ಸ್ಟೋನ್ ಟೈರಿನ ಮೇಲ್ಪದರ, ಅಂದರೆ ನೆಲಕ್ಕೆ ತಾಗುವ ಟ್ರೆಡ್, ಓಡುತ್ತಿರುವಾಗಲೇ ಕಿತ್ತುಕೊಂಡು ಹೋದ 21 ಪ್ರಕರಣಗಳು ಅವರಿಗೆ ಸಿಕ್ಕಿದವು. ಅವರು ನಿಟ್ಸಾಗೆ ಇ-ಮೇಲ್ ಕಳಿಸಿದರು. ಆಗ ಯಾವ ತನಿಖೆಯೂ ಶುರುವಾಗಲಿಲ್ಲ. ನಮ್ಮ ವೃತ್ತಿಯಲ್ಲಿ ಎಷ್ಟೋ ರೋಗಗಳು ಮೊದಲು ಬೆಳಕಿಗೆ ಬಂದದ್ದು ಇಂಥ ಹತ್ತಿಪ್ಪತ್ತು ಕೇಸುಗಳ ಪುಟ್ಟ ಪಟ್ಟಿಯಿಂದಲೇ. ಇಪ್ಪತ್ತೊಂದು ದೊಡ್ಡ ಸಂಖ್ಯೆಯಲ್ಲ, ಆದರೆ ಇಪ್ಪತ್ತೊಂದೂ ಒಂದೇ ತರಹ ಇದ್ದರೆ ಕೂತು ಯೋಚಿಸಬೇಕಾದ ಸಂಖ್ಯೆ.

ಗಲ್ಫ್‌ನಲ್ಲಿರುವ ನಮ್ಮ ಬಂಧುಗಳಿಗೆ ಈ ಕಥೆಯ ಮುಂದಿನ ಭಾಗ ಆಸಕ್ತಿ ತಂದೀತು. 1999ರಲ್ಲಿ ಫೋರ್ಡ್ ಕಂಪನಿ ಸೌದಿ ಅರೇಬಿಯಾ ಮತ್ತು ಸುತ್ತಲಿನ ದೇಶಗಳಲ್ಲಿ ಈ ಟೈರುಗಳನ್ನು ಬದಲಾಯಿಸಿಕೊಡಲು ಶುರುಮಾಡಿತು. ಆಮೇಲೆ ಮಲೇಷ್ಯಾ, ಥಾಯ್ಲೆಂಡ್, ವೆನೆಜುವೆಲಾ. ಎಲ್ಲವೂ ಬಿಸಿಲಿನ ದೇಶಗಳು. ಆದರೆ ಟೆಕ್ಸಸ್, ಅರಿಜೋನಾಗಳ ಬಿಸಿಲಲ್ಲಿ ಅದೇ ಟೈರಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದವರಿಗೆ ಯಾರೂ ಏನೂ ಹೇಳಲಿಲ್ಲ. ಬೇರೆ ದೇಶದಲ್ಲಿ ಮಾಡಿದ್ದನ್ನು ಇಲ್ಲಿನ ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು ಆಗ ಇರಲಿಲ್ಲ.

2000ದ ಫೆಬ್ರವರಿಯಲ್ಲಿ ಹ್ಯೂಸ್ಟನ್ನಿನ ಒಂದು ಟಿವಿ ಚಾನೆಲ್ ಈ ಅಪಘಾತಗಳ ಸರಣಿಯನ್ನು ಬಯಲಿಗೆಳೆಯಿತು. ಅದನ್ನು ನೋಡಿದ ಜನ ನಿಟ್ಸಾಗೆ ಫೋನ್ ಮಾಡತೊಡಗಿದರು. ಮೇ ತಿಂಗಳಲ್ಲಿ ತನಿಖೆ ಶುರುವಾಯಿತು. ಆಗಸ್ಟ್ 9ರಂದು ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರುಗಳ ರಿಕಾಲ್ ಘೋಷಿಸಿತು. ಕೊನೆಗೆ ನಿಟ್ಸಾ ಲೆಕ್ಕ ಹಾಕಿದಾಗ ಈ ಟೈರುಗಳಿಗೆ ಸಂಬಂಧಿಸಿ 271 ಸಾವುಗಳು ವರದಿಯಾಗಿದ್ದವು.

ಕಾರಣ ಒಂದೇ ಆಗಿರಲಿಲ್ಲ. ಟೈರಿನ ಉಕ್ಕಿನ ಬೆಲ್ಟುಗಳ ನಡುವೆ ಬಿರುಕು ಬೆಳೆಯುತ್ತಿತ್ತು. ಎಕ್ಸ್‌ಪ್ಲೋರರ್‌ಗೆ 26 ಪಿಎಸ್‌ಐ ಗಾಳಿ ಸಾಕೆಂದು ಫೋರ್ಡ್ ಸೂಚಿಸಿತ್ತು. 30 ಇರಬೇಕೆಂದು ಫೈರ್‌ಸ್ಟೋನ್ ಆಮೇಲೆ ಹೇಳಿತು. ಗಾಳಿ ಕಡಿಮೆಯಾದಷ್ಟೂ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ. ಅದಕ್ಕೆ ತುಂಬಿದ ಗಾಡಿಯ ಭಾರ, ಹೈವೇ ವೇಗ, ಬೇಸಗೆಯ ಕಾದ ರಸ್ತೆ ಸೇರಿದರೆ ಬೇರೆ ಹೇಳಬೇಕಾದ್ದಿಲ್ಲ. ಎತ್ತರದ ಗಾಡಿಯಾದ್ದರಿಂದ ಹತೋಟಿ ತಪ್ಪಿದಾಗ ಅದು ಉರುಳುವ ಸಂಭವವೂ ಹೆಚ್ಚು.

ಅಂದ ಹಾಗೆ, ಫೋರ್ಡ್ ಮತ್ತು ಫೈರ್‌ಸ್ಟೋನ್ ಬರೀ ವ್ಯಾಪಾರದ ಪಾಲುದಾರರಲ್ಲ, ಬೀಗರು! ಹೆನ್ರಿ ಫೋರ್ಡರ ಮೊಮ್ಮಗ 1947ರಲ್ಲಿ ಹಾರ್ವಿ ಫೈರ್‌ಸ್ಟೋನರ ಮೊಮ್ಮಗಳನ್ನು ಮದುವೆಯಾಗಿದ್ದರು. ಗಲಾಟೆ ನಡೆದಾಗ ಫೋರ್ಡ್ ಕಂಪನಿಯ ಛೇರ್ಮನ್ ಆಗಿದ್ದವರು ಅವರ ಮಗ. ತಪ್ಪು ಟೈರಿನದು ಎಂದು ಗಂಡಿನ ಕಡೆಯವರು, ಗಾಡಿಯದು ಎಂದು ಹೆಣ್ಣಿನ ಕಡೆಯವರು. 2001ರ ಮೇ ತಿಂಗಳಲ್ಲಿ ನೂರು ವರ್ಷದ ಹತ್ತಿರ ಹತ್ತಿರ ಬಂದಿದ್ದ ಆ ವ್ಯವಹಾರವನ್ನು ಫೈರ್‌ಸ್ಟೋನ್ ಕಡಿದುಕೊಂಡಿತು. ಮರುದಿನವೇ ಫೋರ್ಡ್ ಇನ್ನೂ 1 ಕೋಟಿ 30 ಲಕ್ಷ ಟೈರುಗಳನ್ನು ತಾನೇ ಬದಲಾಯಿಸುವುದಾಗಿ ಹೇಳಿತು.

ಈ ದುರಂತದಿಂದ ನಮಗೆ ಸಿಕ್ಕ ಲಾಭವೂ ಇದೆ. 2000ದ ನವೆಂಬರ್ 1ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ 'ಟ್ರೆಡ್' ಕಾಯ್ದೆಯ ಪ್ರಕಾರ ಕಂಪನಿಗಳು ದೂರು, ಗಾಯ, ಸಾವುಗಳ ಮಾಹಿತಿಯನ್ನು ಮುಂಚಿತವಾಗಿ ಸರಕಾರಕ್ಕೆ ಕೊಡಬೇಕು. ಬೇರೆ ದೇಶದ ರಿಕಾಲನ್ನೂ ಇಲ್ಲಿ ತಿಳಿಸಬೇಕು. ಟೈರಿನಲ್ಲಿ ಗಾಳಿ ಕಡಿಮೆಯಾದರೆ ಇಂದು ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಳ್ಳುವ ಆ ಹಳದಿ ದೀಪ ಕಡ್ಡಾಯವಾದದ್ದೂ ಇದೇ ಕಾಯ್ದೆಯಿಂದ. ಮುಂದಿನ ಸಲ ಅದು ಹೊತ್ತಿಕೊಂಡರೆ 'ನಾಳೆ ನೋಡೋಣ' ಎನ್ನಬೇಡಿ.

ವಯಸ್ಸಾದಷ್ಟೂ ಹೆಚ್ಚುವ ಅಪಾಯ

ಟೈರು ಸವೆಯುತ್ತದೆ, ನಾಲ್ಕೈದು ವರ್ಷಕ್ಕೆ ಬದಲಾಗುತ್ತದೆ. ಹಾಗಾಗಿ ಕೆಟ್ಟ ಟೈರು ಬಹಳ ಕಾಲ ಉಳಿಯುವುದಿಲ್ಲ. ಎರಡನೆಯ ಉದಾಹರಣೆ ಇದಕ್ಕೆ ತದ್ವಿರುದ್ಧ. ಅದು ಕಾರು ಇರುವವರೆಗೂ ಕಾರಿನಲ್ಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಹಳೆಯದಾದಷ್ಟೂ ಕೆಡುತ್ತದೆ. ಟಕಾಟಾ ಎಂಬ ಜಪಾನಿ ಕಂಪನಿಯ ಏರ್‌ಬ್ಯಾಗಿನ ವಿಷಯ ಹೇಳುತ್ತಿದ್ದೇನೆ.

ಏರ್‌ಬ್ಯಾಗನ್ನು ಉಬ್ಬಿಸಲು ಅದರ ಹಿಂದೆ ಇನ್‌ಫ್ಲೇಟರ್ ಎಂಬ ಲೋಹದ ಡಬ್ಬಿ ಇರುತ್ತದೆ. ಅದರೊಳಗೆ ಮದ್ದಿನ ಬಿಲ್ಲೆಗಳು. ಡಿಕ್ಕಿಯಾದ ಕ್ಷಣ ಮದ್ದು ಉರಿದು ಗ್ಯಾಸ್ ಹೊರಟು, ಕಣ್ಣು ಮಿಟುಕಿಸುವುದರೊಳಗೆ ಚೀಲ ಉಬ್ಬುತ್ತದೆ. ಟಕಾಟಾದವರು ಈ ಮದ್ದಾಗಿ ಅಮೋನಿಯಂ ನೈಟ್ರೇಟ್ ಬಳಸಿದರು. ಹೊಲಕ್ಕೆ ಗೊಬ್ಬರವಾಗಿಯೂ ಹೋಗುವ ವಸ್ತು ಅದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಭರಣಿಯ ಉಪ್ಪು ಒದ್ದೆಯಾಗುವುದನ್ನು ನೀವು ನೋಡಿದ್ದೀರಿ. ಅದೇ ರೀತಿ ಇದಕ್ಕೂ ತೇವ ಹೀರುವ ಗುಣ. ಹಗಲಿನ ಬಿಸಿ, ರಾತ್ರಿಯ ತಂಪು, ಗಾಳಿಯ ತೇವ, ಇವು ವರ್ಷಾನುಗಟ್ಟಲೆ ಬಡಿದರೆ ಗಟ್ಟಿಯಾದ ಬಿಲ್ಲೆಯಲ್ಲಿ ಸಣ್ಣ ಸಣ್ಣ ರಂಧ್ರಗಳಾಗಿ ಅದು ಸಡಿಲವಾಗುತ್ತದೆ. ಮರದ ದಿಮ್ಮಿ ನಿಧಾನ ಉರಿಯುತ್ತದೆ, ಅದೇ ಮರದ ಹೊಟ್ಟು ಭಗ್ಗನೆ ಹತ್ತಿಕೊಳ್ಳುತ್ತದಲ್ಲವೇ? ಹಾಗೆ ಮದ್ದು ಒಮ್ಮೆಲೇ ಉರಿದು, ಡಬ್ಬಿಯೇ ಸಿಡಿದು, ಲೋಹದ ಚೂರುಗಳು ಚೀಲವನ್ನು ಹರಿದು ಕೂತವರ ಕುತ್ತಿಗೆ, ಮುಖಕ್ಕೆ ಬಡಿಯುತ್ತವೆ.

2014ರಲ್ಲಿ ಫ್ಲಾರಿಡಾದ ಆರ್ಲ್ಯಾಂಡೋದಲ್ಲಿ ಒಬ್ಬ ಮಹಿಳೆಯ ಕಾರಿಗೆ ಅಪಘಾತವಾಯಿತು. ಆಕೆಯ ಕುತ್ತಿಗೆಯ ಗಾಯಗಳನ್ನು ನೋಡಿದ ತನಿಖೆಯವರು ಮೊದಲು ಯಾರೋ ಚಾಕುವಿನಿಂದ ಇರಿದಿದ್ದಾರೆ ಎಂದು ಭಾವಿಸಿದ್ದರು. ಆಕೆ ತೀರಿಕೊಂಡ ಸುಮಾರು ಒಂದು ವಾರದ ಮೇಲೆ ಮನೆಗೆ ಕಾಗದ ಬಂತು: ನಿಮ್ಮ ಕಾರಿನ ಏರ್‌ಬ್ಯಾಗಿಗೆ ರಿಕಾಲ್ ಇದೆ, ದಯವಿಟ್ಟು ಸರಿಪಡಿಸಿಕೊಳ್ಳಿ ಎಂದು.

ಅಮೆರಿಕದಲ್ಲಿ ಒಟ್ಟು ಸುಮಾರು 6 ಕೋಟಿ 70 ಲಕ್ಷ ಟಕಾಟಾ ಇನ್‌ಫ್ಲೇಟರುಗಳು ರಿಕಾಲ್ ಆದವು. ಈ ದೇಶದ ಇತಿಹಾಸದಲ್ಲೇ ಇದು ಅತಿ ದೊಡ್ಡದು. 19 ಕಾರು ಕಂಪನಿಗಳ ಗಾಡಿಗಳಲ್ಲಿ ಅವು ಇದ್ದವು. 2017ರ ಜನವರಿಯಲ್ಲಿ ಟಕಾಟಾ ತಪ್ಪೊಪ್ಪಿಕೊಂಡು 100 ಕೋಟಿ ಡಾಲರ್ ಕೊಡಲು ಒಪ್ಪಿತು. ಅದೇ ವರ್ಷ ಜೂನ್‌ನಲ್ಲಿ ದಿವಾಳಿ ಎದ್ದಿತು. ಈ ಏರ್‌ಬ್ಯಾಗುಗಳಿಂದ ಅಮೆರಿಕದಲ್ಲಿ 28 ಸಾವುಗಳಾಗಿವೆ ಎಂದು 2024ರ ಹೊತ್ತಿಗೆ ನಿಟ್ಸಾ ದೃಢಪಡಿಸಿತ್ತು. ಗಾಯಗೊಂಡವರು ಕನಿಷ್ಠ 400.

ಎಲ್ಲ ಇನ್‌ಫ್ಲೇಟರುಗಳೂ ಸಮಾನ ಅಪಾಯದವಲ್ಲ. 'ಆಲ್ಫಾ' ಎಂದು ಹೆಸರಾದ ಒಂದು ಗುಂಪಿನದು ಎಲ್ಲಕ್ಕಿಂತ ಕೆಟ್ಟದ್ದು. ಡಿಕ್ಕಿಯಾಗಿ ಏರ್‌ಬ್ಯಾಗ್ ತೆರೆದರೆ ಅದು ಸಿಡಿಯುವ ಸಂಭವ ಶೇಕಡಾ 50ರವರೆಗೂ ಇದೆ ಎಂದು 2016ರ ಜೂನ್‌ನಲ್ಲಿ ನಿಟ್ಸಾ ಎಚ್ಚರಿಸಿತು. ಅದು ಇದ್ದ ಗಾಡಿಗಳ ಪಟ್ಟಿ ಓದಿದಾಗ ನಮ್ಮ ಕೂಟದ ಪಾರ್ಕಿಂಗ್ ಲಾಟೇ ಕಣ್ಣ ಮುಂದೆ ಬಂತು: 2001 ಮತ್ತು 2002ರ ಹೋಂಡಾ ಸಿವಿಕ್ ಹಾಗೂ ಅಕಾರ್ಡ್, 2002ರ ಸಿಆರ್-ವಿ ಮತ್ತು ಒಡಿಸ್ಸಿ, 2003ರ ಪೈಲಟ್, ಆ ಕಾಲದ ಅಕ್ಯುರಾ ಟಿಎಲ್ ಮತ್ತು ಸಿಎಲ್. ಐಟಿ ಕೆಲಸಕ್ಕೆ ಬಂದು ಗ್ರೀನ್ ಕಾರ್ಡ್ ಸಿಕ್ಕಿದ ಸಂತೋಷದಲ್ಲಿ ಆ ವರ್ಷಗಳಲ್ಲಿ ನಮ್ಮವರು ಕೊಂಡದ್ದೇ ಇವುಗಳನ್ನು. ಕೈ ಕೊಡದ ಗಾಡಿ, ಇಪ್ಪತ್ತು ವರ್ಷ ಓಡುತ್ತದೆ ಎಂದೇ ಕೊಂಡಿದ್ದು. ಓಡಿದವು ಕೂಡ. ಅಷ್ಟು ಚೆನ್ನಾಗಿ ಓಡಿದ್ದರಿಂದಲೇ ಕೈಯಿಂದ ಕೈಗೆ ಹೋದವು.

2023ರ ಫೆಬ್ರವರಿಯಲ್ಲಿ, ಅಂದರೆ ಗಾಡಿಗಳಿಗೆ ಇಪ್ಪತ್ತು ವರ್ಷ ಆದ ಮೇಲೂ, ಇನ್ನೂ ಸುಮಾರು 8,200 ಆಲ್ಫಾ ಗಾಡಿಗಳು ರಿಪೇರಿಯಾಗದೆ ಉಳಿದಿವೆ, ಅವನ್ನು ಓಡಿಸಲೇಬೇಡಿ ಎಂದು ಹೋಂಡಾ ಮತ್ತು ನಿಟ್ಸಾ ಹೇಳಬೇಕಾಯಿತು.

ನಾಲ್ಕನೆಯ ಓನರ್

ಕಾಗದ ಕಳಿಸಿಲ್ಲ ಎನ್ನುವಂತಿಲ್ಲ. 2018ರಲ್ಲಿ ಅರಿಜೋನಾದಲ್ಲಿ 2002ರ ಸಿವಿಕ್ ಓಡಿಸುತ್ತಿದ್ದ ಒಬ್ಬರು ಇದೇ ಕಾರಣದಿಂದ ತೀರಿಕೊಂಡರು. ಆ ಕಾರಿನ ಮಾಲೀಕರ ವಿಳಾಸಕ್ಕೆ 20ಕ್ಕೂ ಹೆಚ್ಚು ನೋಟೀಸ್ ಹೋಗಿದ್ದವು. ಆದರೆ ತೀರಿಕೊಂಡವರು ಆ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡು ಮೂರು ತಿಂಗಳೂ ಆಗಿರಲಿಲ್ಲ. ಕಾರು ಕೈ ಬದಲಾಯಿಸಿತು, ಕಾಗದಗಳು ಹಳೆಯ ವಿಳಾಸದಲ್ಲೇ ಉಳಿದವು.

ಇದು ನಮ್ಮ ಸಮಾಜಕ್ಕೆ ಎಷ್ಟು ಹತ್ತಿರದ ಮಾತು ಯೋಚಿಸಿ. ನಮ್ಮಲ್ಲಿ ಕಾರಿಗೂ ಒಂದು ವಂಶಾವಳಿ ಇರುತ್ತದೆ. ಹೊಸದಾಗಿ ಕೊಂಡವರು ಒಬ್ಬರು, ಅವರಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿ ಹೊರಟಾಗ ಅದು ಪರಿಚಯದವರಿಗೆ, ಅವರ ಮಗಳು ಕಾಲೇಜಿಗೆ ಹೋಗುವಾಗ ಆಕೆಗೆ, ಆಕೆ ಡಿಗ್ರಿ ಮುಗಿಸಿದ ಮೇಲೆ ಊರಿಂದ ಎಂ.ಎಸ್. ಮಾಡಲು ಬಂದ ಹುಡುಗನಿಗೆ. ದುಡ್ಡಿದ್ದವರ ಬಳಿ ಕಾರು ಹೊಸದಾಗಿರುತ್ತದೆ, ಮದ್ದೂ ಗಟ್ಟಿಯಾಗಿರುತ್ತದೆ. ಅದು ಹದಿನೈದು ವರ್ಷದ್ದಾಗಿ, ಮದ್ದು ಸಡಿಲವಾದಾಗ ಸ್ಟಿಯರಿಂಗ್ ಹಿಂದೆ ಕೂರುವವನು ಕೈಯಲ್ಲಿ ಕಾಸಿಲ್ಲದ ಇಪ್ಪತ್ತಮೂರರ ಹುಡುಗ. ಅಪಾಯ ಬೆಳೆಯುತ್ತಾ ಬೆಳೆಯುತ್ತಾ ಕೊನೆಯವನ ಪಾಲಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಅವನಿಗೆ ಕಾಗದ ಬರುವ ದಾರಿ ಎಲ್ಲೋ ಕಡಿದುಹೋಗಿರುತ್ತದೆ.

ಕೆಲವು ವರ್ಷಗಳ ಹಿಂದೆ ಕೂಟದ ಗಣೇಶನ ಹಬ್ಬದ ಊಟದಲ್ಲಿ ದಾವಣಗೆರೆ ಕಡೆಯ ಒಬ್ಬ ವಿದ್ಯಾರ್ಥಿ ನನ್ನ ಪಕ್ಕ ಕೂತಿದ್ದ. ಹೊಸದಾಗಿ ಗಾಡಿ ಕೊಂಡ ಖುಷಿ ಮುಖದ ತುಂಬ.

"ಅಂಕಲ್, ಎರಡೂವರೆ ಸಾವಿರಕ್ಕೆ ಎಸ್‌ಯುವಿ ಸಿಕ್ತು. ಸ್ವಲ್ಪ ಹಳೇದು, ಆದ್ರ ಇಂಜಿನ್ ಬೆಣ್ಣಿ ಇದ್ದಂಗ ಐತಿ" ಎಂದ. ದಾವಣಗೆರೆಯವನಲ್ಲವೇ, ಬೆಣ್ಣೆಯ ಉಪಮೆಯೇ ಬಂತು!

"ಸಂತೋಷನಪ್ಪಾ. ನೀನು ಎಷ್ಟನೇ ಓನರ್ರು?"

"ನಾಲ್ಕನೇದು ಇರಬೇಕು ಅಂಕಲ್. ಮೊದ್ಲು ಫ್ಲಾರಿಡಾದಾಗ ಇತ್ತಂತ."

ಫ್ಲಾರಿಡಾ ಎಂದ ಕೂಡಲೇ ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಮಂಗಳೂರಿನಂತೆ ಸೆಕೆ, ತೇವ ಎರಡೂ ಇರುವ ರಾಜ್ಯ. ಇನ್ಶೂರೆನ್ಸ್ ಕಾರ್ಡಿನ ಫೋಟೋ ಅವನ ಫೋನಿನಲ್ಲೇ ಇತ್ತು. ಅದರಲ್ಲಿದ್ದ ಗಾಡಿಯ ನಂಬರನ್ನು ನಿಟ್ಸಾದ ವೆಬ್‌ಸೈಟಿಗೆ ಹಾಕಿದೆವು. ಪಾಯಸ ಬಡಿಸುವ ಹೊತ್ತಿಗೆ ಉತ್ತರ ಬಂತು: ರಿಪೇರಿಯಾಗದೆ ಉಳಿದ ರಿಕಾಲ್ ಎರಡು, ಅದರಲ್ಲಿ ಒಂದು ಏರ್‌ಬ್ಯಾಗಿನದು.

ಆ ರಾತ್ರಿ ಅವನು ಬೇರೆಯವರ ಕಾರಿನಲ್ಲಿ ರೂಮಿಗೆ ಹೋದ. ಸೋಮವಾರ ಡೀಲರ್‌ಗೆ ಫೋನ್ ಮಾಡಿದರೆ ಅವರೇ ಟೋ ಟ್ರಕ್ ಕಳಿಸಿದರು, ಗಾಡಿ ಸಿದ್ಧವಾಗುವವರೆಗೆ ಓಡಾಡಲು ಬಾಡಿಗೆ ಕಾರನ್ನೂ ಕೊಟ್ಟರು. ಕೊನೆಯಲ್ಲಿ ಬಿಲ್ಲು ಸೊನ್ನೆ ಡಾಲರ್. ಹುಡುಗ ನಂಬಲಾರದೆ ನನಗೆ ಬಿಲ್ಲಿನ ಫೋಟೋ ಕಳಿಸಿದ್ದ. ಅವನಿಗೆ ಗಾಡಿ ಮಾರಿದವರು ಮೋಸಗಾರರೇನಲ್ಲ, ಒಳ್ಳೆಯ ಜನ. ಅವರಿಗೂ ಯಾವ ಕಾಗದವೂ ಬಂದಿರಲಿಲ್ಲ, ಅಷ್ಟೆ.

ಮೂರು ಬಗೆಯ ಎಚ್ಚರಿಕೆ

ರಿಕಾಲ್ ಎಂದ ಕೂಡಲೇ ಗಾಬರಿಯಾಗಬೇಕಾಗಿಲ್ಲ. ಎಮರ್ಜೆನ್ಸಿ ರೂಮಿನಲ್ಲಿ ಬಂದವರನ್ನೆಲ್ಲ ಒಂದೇ ಸಲ ಆಪರೇಷನ್ ಥಿಯೇಟರಿಗೆ ಕಳಿಸುವುದಿಲ್ಲ. ಯಾರಿಗೆ ಈಗಲೇ, ಯಾರಿಗೆ ನಾಳೆ ಎಂದು ವಿಂಗಡಿಸುತ್ತಾರೆ. ರಿಕಾಲ್ ಕಾಗದವನ್ನೂ ಹಾಗೆಯೇ ಓದಬೇಕು.

ಮೊದಲನೆಯದು, ಸಾಮಾನ್ಯ ರಿಕಾಲ್. ಹೆಚ್ಚಿನವು ಈ ಜಾತಿಯವು. ಗಾಡಿ ಓಡಿಸುತ್ತಿರಬಹುದು, ಆದರೆ ಆದಷ್ಟು ಬೇಗ ಅಪಾಯಿಂಟ್‌ಮೆಂಟ್ ಮಾಡಿಸಿ ಸರಿಪಡಿಸಿಕೊಳ್ಳಬೇಕು.

ಎರಡನೆಯದು, 'ಹೊರಗೆ ನಿಲ್ಲಿಸಿ' ಎನ್ನುವುದು. ಇಂಜಿನ್ ಆಫ್ ಮಾಡಿ ನಿಲ್ಲಿಸಿದ ಗಾಡಿಗೂ ಬೆಂಕಿ ಹತ್ತಬಹುದು ಎಂಬ ಅನುಮಾನ ಇದ್ದಾಗ ಹೀಗೆ ಹೇಳುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಬ್ರೇಕ್ ಆಯಿಲ್ ಸೋರಿ ಶಾರ್ಟ್ ಸರ್ಕ್ಯೂಟ್ ಆಗುವ ಸಂಭವಕ್ಕಾಗಿ 33 ಲಕ್ಷಕ್ಕೂ ಹೆಚ್ಚು ಗಾಡಿಗಳಿಗೆ ಈ ಸೂಚನೆ ಕೊಟ್ಟವು. ಸ್ಯಾಂಟಾ ಫೆ, ಸೊರೆಂಟೋ, ಸ್ಪೋರ್ಟೇಜ್ ಮುಂತಾದ ಸಂಸಾರಸ್ಥರ ಎಸ್‌ಯುವಿಗಳು ಅದರಲ್ಲಿದ್ದವು. 2024ರ ಜೂನ್‌ನಲ್ಲಿ ಕಿಯಾ ಟೆಲ್ಯುರೈಡ್‌ನ 2020ರಿಂದ 2024ರವರೆಗಿನ ಮಾಡೆಲ್‌ಗಳ ಸರದಿ, ಸುಮಾರು 4 ಲಕ್ಷ 62 ಸಾವಿರ. ಮುಂದಿನ ಪವರ್ ಸೀಟಿನ ಗುಂಡಿ ಸಿಕ್ಕಿಕೊಂಡು ಮೋಟಾರು ಕಾದು ಬೆಂಕಿ ಹತ್ತಬಹುದೆಂಬ ಕಾರಣ. ನಮ್ಮ ಮನೆಗಳಲ್ಲಿ ಗ್ಯಾರೇಜಿನ ಮೇಲೆಯೇ ಮಕ್ಕಳ ಮಲಗುವ ಕೋಣೆ ಇರುವುದುಂಟು. 'ಹೊರಗೆ ನಿಲ್ಲಿಸಿ' ಎಂದು ಬರೆದಿದ್ದರೆ, ಹಿಮ ಬೀಳುತ್ತಿದ್ದರೂ ಸರಿ, ಹೊರಗೇ ನಿಲ್ಲಿಸಿ.

ಮೂರನೆಯದು, 'ಓಡಿಸಬೇಡಿ'. ಅಪರೂಪಕ್ಕೆ ಬರುವ ಮಾತು. ಬಂದರೆ ಹಾಲು ತರಲೂ ಆ ಗಾಡಿಯಲ್ಲಿ ಹೋಗಬಾರದು. ಟೋ ಮಾಡಿಸಿಕೊಡುತ್ತೀರಾ, ಬದಲಿ ಕಾರು ಕೊಡುತ್ತೀರಾ ಎಂದು ಡೀಲರನ್ನು ನೇರವಾಗಿ ಕೇಳಿ.

ಒಂದು ಮಾತು ಡಾಕ್ಟರನಾಗಿ ಹೇಳಲೇಬೇಕು. ಇದನ್ನೆಲ್ಲ ಓದಿ ಏರ್‌ಬ್ಯಾಗೇ ಬೇಡ, ಕಳಚಿಸಿಬಿಡೋಣ ಎಂದು ಯಾರೂ ಹೊರಡಬೇಡಿ. 1987ರಿಂದ 2017ರವರೆಗೆ ಮುಂದಿನ ಏರ್‌ಬ್ಯಾಗುಗಳು ಅಮೆರಿಕದಲ್ಲಿ 50,000ಕ್ಕೂ ಹೆಚ್ಚು ಜೀವ ಉಳಿಸಿವೆ ಎಂದು ನಿಟ್ಸಾ ಅಂದಾಜು ಮಾಡಿದೆ. ಸೀಟ್ ಬೆಲ್ಟ್ ಕಟ್ಟಿಕೊಂಡು, ಎದೆಗೂ ಸ್ಟಿಯರಿಂಗಿಗೂ ನಡುವೆ ಕನಿಷ್ಠ ಹತ್ತು ಇಂಚು ಅಂತರ ಬಿಟ್ಟು ಕೂರಿ. ಊರಿಂದ ಬಂದ ಅಮ್ಮನಿಗೂ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಸಿ. "ಸೀರೆ ಮುದುರುತ್ತೆ ಕಣೋ" ಎಂದರೂ ಬಿಡಬೇಡಿ.

ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ

ವರ್ಷಕ್ಕೆ ಎರಡು ಸಲವಾದರೂ ರಿಕಾಲ್ ನೋಡಿಕೊಳ್ಳಿ ಎಂದು ನಿಟ್ಸಾ ಸಲಹೆ ಮಾಡುತ್ತದೆ. ನಮಗೆ ಅದನ್ನು ನೆನಪಿಟ್ಟುಕೊಳ್ಳುವುದು ಕಷ್ಟವೇ ಅಲ್ಲ: ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ. ಆಯುಧಪೂಜೆಯ ದಿನ ಹೇಗೂ ಕಾರು ತೊಳೆದು, ಕುಂಕುಮ ಇಟ್ಟು, ಹೂ ಏರಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಅದಕ್ಕೆ ಐದು ನಿಮಿಷದ ಈ ಕೆಲಸವನ್ನೂ ಸೇರಿಸಿಕೊಂಡರಾಯಿತು.

ವಿಂಡ್‌ಶೀಲ್ಡಿನ ಕೆಳ ಎಡಮೂಲೆಯಲ್ಲಿ, ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ, ರಿಜಿಸ್ಟ್ರೇಷನ್ ಮತ್ತು ಇನ್ಶೂರೆನ್ಸ್ ಕಾರ್ಡಿನಲ್ಲಿ 'ವಿನ್' ನಂಬರ್ ಇರುತ್ತದೆ. 1981ರಿಂದ ಈಚೆಗಿನ ಗಾಡಿಗಳಿಗೆ ಅದು 17 ಅಕ್ಷರ-ಅಂಕಿಗಳದ್ದು. ನಿಟ್ಸಾ ಡಾಟ್ ಗವ್ ಎಂಬ ಸರಕಾರಿ ವೆಬ್‌ಸೈಟಿನ ರಿಕಾಲ್ ಪುಟದಲ್ಲಿ ಅದನ್ನು ಹಾಕಿದರೆ, ಮಾಡೆಲ್ಲಿನದಲ್ಲ, ನಿಮ್ಮದೇ ಗಾಡಿಯಲ್ಲಿ ಬಾಕಿ ಉಳಿದ ರಿಕಾಲ್ ತಿಳಿಯುತ್ತದೆ. ಟೈರು ಮತ್ತು ಮಕ್ಕಳ ಕಾರ್ ಸೀಟಿನ ರಿಕಾಲ್ ಇದರಲ್ಲಿ ಬರುವುದಿಲ್ಲ, ಅವನ್ನು ಬೇರೆಯಾಗಿ ನೋಡಬೇಕು. ಟೈರಿನ ಪಕ್ಕದಲ್ಲಿ 'ಡಾಟ್' ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ: 3519 ಎಂದಿದ್ದರೆ 2019ರ ಮೂವತ್ತೈದನೆಯ ವಾರ. ಡಿಕ್ಕಿಯಲ್ಲಿ ಮಲಗಿರುವ ಸ್ಪೇರ್ ಟೈರನ್ನು ಮರೆಯಬೇಡಿ.

ರಿಪೇರಿಗೆ ದುಡ್ಡು ಕೊಡಬೇಕಾಗಿಲ್ಲ. ನೀವು ಎಷ್ಟನೇ ಓನರ್, ವಾರಂಟಿ ಉಂಟೇ, ವೀಸಾ ಯಾವುದು ಎಂಬುದು ಯಾವುದೂ ಲೆಕ್ಕಕ್ಕಿಲ್ಲ. ಗಾಡಿ ಮೊದಲ ಸಲ ಮಾರಾಟವಾಗಿ 15 ವರ್ಷ ದಾಟಿದ್ದರೆ ಕಾನೂನಿನ ಒತ್ತಾಯ ಇಲ್ಲದಿದ್ದರೂ, ಟಕಾಟಾದಂಥ ಪ್ರಕರಣಗಳಲ್ಲಿ ಹಳೆಯ ಗಾಡಿಗಳನ್ನೂ ಬಿಟ್ಟಿಯಾಗಿಯೇ ಸರಿಪಡಿಸಿದ್ದಾರೆ. ಕೇಳುವುದಕ್ಕೆ ಸಂಕೋಚ ಬೇಡ.

ಕಂಪನಿಗಳು ಕಾಗದ ಕಳಿಸುವುದು ರಾಜ್ಯದ ರಿಜಿಸ್ಟ್ರೇಷನ್ ದಾಖಲೆಯಲ್ಲಿರುವ ವಿಳಾಸಕ್ಕೆ. ಮನೆ ಬದಲಾಯಿಸಿದ ಕೂಡಲೇ ಡಿಎಂವಿಯಲ್ಲಿ ವಿಳಾಸ ಬದಲಾಯಿಸಿ. ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ಸೇರಿಸಿ. ಬಾಡಿಗೆ ಕಾರಿನ ದೊಡ್ಡ ಕಂಪನಿಗಳು ರಿಕಾಲ್ ಬಾಕಿ ಇರುವ ಗಾಡಿ ಕೊಡುವಂತಿಲ್ಲ ಎಂಬ ಕಾನೂನು 2016ರಿಂದ ಇದೆ. ಆದರೆ ಸೆಕೆಂಡ್ ಹ್ಯಾಂಡ್ ಮಾರುವವರನ್ನು ತಡೆಯುವ ಅಂಥ ಕೇಂದ್ರ ಕಾನೂನು ಇಲ್ಲ. ಆದ್ದರಿಂದ ಕೊಳ್ಳುವ ಮುಂಚೆ ನಾವೇ ನೋಡಿಕೊಳ್ಳಬೇಕು.

ಊರಿನಲ್ಲಿರುವ ತಮ್ಮಂದಿರಿಗೂ ಇದನ್ನು ಹೇಳಿ. ಭಾರತದಲ್ಲಿ 2012ರಲ್ಲಿ ಕಂಪನಿಗಳೇ ಸ್ವಯಂಪ್ರೇರಿತ ರಿಕಾಲ್ ಪದ್ಧತಿ ಶುರುಮಾಡಿದವು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದ ರಿಕಾಲ್‌ಗೆ ಆದೇಶ ಮಾಡುವ ಅಧಿಕಾರ ಸರಕಾರಕ್ಕೂ ಬಂತು. ಟಕಾಟಾ ಏರ್‌ಬ್ಯಾಗಿಗಾಗಿ ಅಲ್ಲಿಯೂ ಹೋಂಡಾ ಸಿಟಿ, ಸಿವಿಕ್, ಅಕಾರ್ಡ್, ಸಿಆರ್-ವಿ ಗಾಡಿಗಳು ರಿಕಾಲ್ ಆಗಿವೆ. ಕರಾವಳಿಯಲ್ಲಿ ಹಳೆಯ ಗಾಡಿ ಓಡಿಸುವವರಿದ್ದರೆ ವಿನ್ ನಂಬರ್ ಹಿಡಿದು ಕಂಪನಿಯ ಶೋರೂಮಿನಲ್ಲಿ ಒಮ್ಮೆ ವಿಚಾರಿಸಲಿ.

ಕೊನೆಯದಾಗಿ ನಮ್ಮ ಕೂಟದವರಲ್ಲಿ ಒಂದು ವಿನಂತಿ. ಹಳೆಯ ಕಾರನ್ನು ಮಾರುವಾಗ, ಮಗಳಿಗೆ ಕೊಡುವಾಗ, ಹೊಸದಾಗಿ ಬಂದ ವಿದ್ಯಾರ್ಥಿಗೆ ಪ್ರೀತಿಯಿಂದ ದಾಟಿಸುವಾಗ, ಅದೇ ದಿನ ವಿನ್ ನಂಬರ್ ಹಾಕಿ ನೋಡಿ, 'ರಿಕಾಲ್ ಬಾಕಿ ಇಲ್ಲ' ಎಂದು ಬಂದ ಹಾಳೆಯನ್ನು ಪ್ರಿಂಟ್ ಮಾಡಿ ಕೀಲಿಕೈ ಜೊತೆ ಕೊಡಿ. ಬಾಕಿ ಇದ್ದರೆ ಸರಿಪಡಿಸಿಯೇ ಕೊಡಿ. ಖರ್ಚಿಲ್ಲ, ಒಂದು ದಿನದ ಓಡಾಟ ಅಷ್ಟೆ. ಆ ಹುಡುಗನ ತಂದೆ ತಾಯಿ ಹತ್ತು ಸಾವಿರ ಮೈಲಿ ದೂರದಲ್ಲಿ ಕೂತು ಅವನ ಫೋನಿಗಾಗಿ ಕಾಯುತ್ತಿರುತ್ತಾರೆ.